ಎರಡೂ ಚಿನ್ನದ ಪದಕಗಳೇ

2024ರ ಜುಲೈ ಭಾರತದ ಎರಡು ತಂಡಗಳ ಪಾಲಿಗೆ ಸಂಭ್ರಮದ ತಿಂಗಳು. ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಿದ್ದ ಕ್ರಿಕೆಟ್ ತಂಡ ಜುಲೈ 4ರಂದು ತವರಿಗೆ ಮರಳಿತು. ಅಂದು ಸಂಜೆ ಮುಂಬೈನ ಮರೀನ್ ಡ್ರೈವ್‌ನಲ್ಲಿ ತೆರೆದ ಬಸ್ಸಿನ ಮೆರವಣಿಗೆ ನಡೆಯಿತು. ಕಡಲ ದಂಡೆಯ ಆ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಸಿಐ ತಂಡಕ್ಕೆ 125 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಅದೇ ತಿಂಗಳು ಬ್ರಿಟನ್ನಿನ ಬಾತ್ ನಗರದಲ್ಲಿ 65ನೇ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆಯಿತು. ನೂರಕ್ಕೂ ಹೆಚ್ಚು ದೇಶಗಳು ಪಾಲ್ಗೊಂಡಿದ್ದ ಆ ಸ್ಪರ್ಧೆಯಲ್ಲಿ ಆರು ವಿದ್ಯಾರ್ಥಿಗಳ ಭಾರತ ತಂಡ 4 ಚಿನ್ನ, 1 ಬೆಳ್ಳಿ ಮತ್ತು 1 ಗೌರವ ಉಲ್ಲೇಖದೊಂದಿಗೆ ನಾಲ್ಕನೇ ಸ್ಥಾನ ಪಡೆಯಿತು. 1989ರಲ್ಲಿ ಮೊದಲ ಬಾರಿಗೆ ಕಣಕ್ಕಿಳಿದ ಭಾರತಕ್ಕೆ ಅಲ್ಲಿಯವರೆಗೆ ಸಿಕ್ಕ ಅತ್ಯುತ್ತಮ ಸ್ಥಾನ ಅದು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಆ ಮಕ್ಕಳೊಂದಿಗೆ ಮಾತನಾಡಿದರು. ಆದರೂ ವಿಶ್ವಕಪ್ ತಂಡದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಬಲ್ಲ ಶಾಲಾ ಮಕ್ಕಳಲ್ಲಿ ಈ ಆರು ಹೆಸರುಗಳ ಪೈಕಿ ಒಂದನ್ನಾದರೂ ಬಲ್ಲವರು ತೀರ ವಿರಳ.

ಜನರಿಗೆ ವಿದ್ಯೆಯ ಬಗ್ಗೆ ಆದರವಿಲ್ಲ ಎಂದು ಈ ಅಂತರವನ್ನು ವಿವರಿಸಲಾಗದು. ಮಕ್ಕಳ ಓದಿಗಾಗಿ ಹೊಲ ಅಡವಿಡುವ, ಒಡವೆ ಮಾರುವ ಸಮಾಜ ಇದು. ಕ್ರೀಡೆಗೆ ಸಿಗುವ ಮನ್ನಣೆಯ ಹಿಂದೆ ಮಾತ್ರ ಹಲವು ತಲೆಮಾರುಗಳು ಕಟ್ಟಿದ ಒಂದು ವ್ಯವಸ್ಥೆ ಇದೆ; ಎಳೆಯ ವಿದ್ವತ್ತಿಗೆ ಅಂಥದ್ದು ಇನ್ನೂ ಸರಿಯಾಗಿ ಸಿಕ್ಕಿಲ್ಲ. ಆ ವ್ಯವಸ್ಥೆಯ ಕಂಬಗಳು ಯಾವುವು ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ.

ಅದಕ್ಕೂ ಮೊದಲು ಸ್ಪರ್ಧೆಯ ಸ್ವರೂಪ. ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಆರಂಭವಾಯಿತು. ಒಂದು ದೇಶದಿಂದ ಹೆಚ್ಚೆಂದರೆ ಆರು ಮಂದಿ. ಇಪ್ಪತ್ತು ವರ್ಷದೊಳಗಿನವರು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವರು. ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಪ್ರಶ್ನೆ. ಪ್ರಶ್ನೆಗೆ 7 ಅಂಕ, ಒಟ್ಟು 42. ಸ್ಪರ್ಧಿಗಳಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗಷ್ಟೇ ಚಿನ್ನ. 2024ರಲ್ಲಿ ಮೂರನೇ ಸ್ಥಾನ ಪಡೆದ ದಕ್ಷಿಣ ಕೊರಿಯಾ ಗಳಿಸಿದ್ದು 168 ಅಂಕ, ಭಾರತ 167. ಕೊನೆಯ ಎಸೆತದವರೆಗೆ ಜಗ್ಗಾಡಿದ ಪಂದ್ಯಕ್ಕೇನೂ ಕಡಿಮೆಯಿಲ್ಲದ ಪೈಪೋಟಿ. ಈ ಆರು ಮಂದಿಯ ಆಯ್ಕೆಯೂ ಸುಲಭದ್ದಲ್ಲ. ಅರ್ಹತಾ ಪರೀಕ್ಷೆ, ಪ್ರಾದೇಶಿಕ ಒಲಿಂಪಿಯಾಡ್, ರಾಷ್ಟ್ರೀಯ ಒಲಿಂಪಿಯಾಡ್, ಆಮೇಲೆ ತರಬೇತಿ ಶಿಬಿರ ಎಂಬ ಮೆಟ್ಟಿಲುಗಳನ್ನು ಹತ್ತಬೇಕು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಈ ಕೆಲಸದ ಕೇಂದ್ರಸ್ಥಾನ. ಬೆಂಗಳೂರಿನ ಸಿ.ಆರ್. ಪ್ರಾಣೇಶಾಚಾರ್ ಮತ್ತು ಬಿ.ಜೆ. ವೆಂಕಟಾಚಲ ಅವರು ವರ್ಷಗಟ್ಟಲೆ ಈ ತಂಡಗಳನ್ನು ತಿದ್ದಿ ಬೆಳೆಸಿದವರು. ಕ್ರಿಕೆಟ್ ಕೋಚ್‌ಗಳ ಹೆಸರು ಮನೆಮಾತಾಗಿರುವ ನಾಡಿನಲ್ಲಿ ಈ ಗುರುಗಳ ಹೆಸರು ಗಣಿತದ ವಲಯ ದಾಟಿ ಕೇಳಿಸಿದ್ದು ಕಡಿಮೆ.

ಆ ವರ್ಷದ ಐದನೇ ಪ್ರಶ್ನೆಯನ್ನು ಹತ್ತಿರದಿಂದ ನೋಡಬಹುದು. 2024 ಅಡ್ಡಸಾಲು, 2023 ಕಂಬಸಾಲುಗಳ ಒಂದು ಮಣೆ. ಮೊದಲ ಮತ್ತು ಕೊನೆಯ ಅಡ್ಡಸಾಲು ಬಿಟ್ಟು ಉಳಿದ ಪ್ರತಿ ಅಡ್ಡಸಾಲಿನಲ್ಲೂ ಒಂದು ಭೂತ ಅಡಗಿದೆ. ಯಾವ ಕಂಬಸಾಲಿನಲ್ಲೂ ಒಂದಕ್ಕಿಂತ ಹೆಚ್ಚು ಭೂತಗಳಿಲ್ಲ. ಟರ್ಬೊ ಎಂಬ ಬಸವನಹುಳು ಮೇಲಿನ ಸಾಲಿನಿಂದ ಹೊರಟು, ಪಕ್ಕದ ಮನೆಯಿಂದ ಪಕ್ಕದ ಮನೆಗೆ ಸರಿಯುತ್ತ ಕೆಳಗಿನ ಸಾಲು ಮುಟ್ಟಬೇಕು. ಭೂತದ ಮನೆ ಹೊಕ್ಕರೆ ಮತ್ತೆ ಮೊದಲಿನಿಂದ ಶುರು. ಭೂತಗಳು ಇದ್ದಲ್ಲೇ ಇರುತ್ತವೆ, ಹುಳುವಿಗೆ ಅವು ಸಿಕ್ಕ ಜಾಗ ನೆನಪಿರುತ್ತದೆ. ಖಚಿತವಾಗಿ ಗುರಿ ಮುಟ್ಟಲು ಎಷ್ಟು ಪ್ರಯತ್ನ ಬೇಕು?

ಕೇಳಿದೊಡನೆ ಸಾವಿರಗಳ ಲೆಕ್ಕ ಮನಸ್ಸಿಗೆ ಬರುತ್ತದೆ. ಉತ್ತರ ಮೂರು. ಮೊದಲ ಪ್ರಯತ್ನದಲ್ಲಿ ಹುಳು ಎರಡನೇ ಅಡ್ಡಸಾಲಿನುದ್ದಕ್ಕೂ ಸರಿದು ಅಲ್ಲಿನ ಭೂತವನ್ನು ಪತ್ತೆ ಮಾಡುತ್ತದೆ. ಆ ಭೂತ ಇರುವ ಕಂಬಸಾಲಿನಲ್ಲಿ ಬೇರೆ ಭೂತ ಇರಲಾರದು. ಹಾಗಾಗಿ ಅದರ ಎಡದಿಂದಲೋ ಬಲದಿಂದಲೋ ಬಳಸಿ ಬಂದು ಅದರ ಕೆಳಗಿನ ಮನೆ ಸೇರಿದರೆ ಮುಂದಿನ ದಾರಿ ಪೂರ್ತಿ ನಿರಾತಂಕ. ಮೂರನೇ ಅಡ್ಡಸಾಲಿನಲ್ಲಿ ಒಂದೇ ಭೂತ ಇರುವುದರಿಂದ ಎಡ, ಬಲ ಎರಡೂ ಕಡೆ ಅದು ಕಾದು ಕೂರಲಾರದು. ಒಂದು ಕಡೆ ಸಿಕ್ಕಿಬಿದ್ದರೂ ಇನ್ನೊಂದು ಕಡೆಯ ದಾರಿ ತೆರೆದಿರುತ್ತದೆ. ಮೊದಲ ಭೂತ ಮಣೆಯ ಅಂಚಿನಲ್ಲಿ ಸಿಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಇನ್ನೊಂದು ಉಪಾಯ ಬೇಕು. ಅಲ್ಲಿಯೂ ಮೂರು ಪ್ರಯತ್ನ ಸಾಕು. ಅಪಾಯ ಎದುರಾದ ಜಾಗವೇ ಸುರಕ್ಷಿತ ದಾರಿಯ ಗುರುತಾಗುವ ಈ ತಿರುವು ಯಾವ ರೋಚಕ ಆಟಕ್ಕೂ ಸಾಟಿಯಾದದ್ದು. ಗೂಗಲ್ ಡೀಪ್‌ಮೈಂಡ್ ಸಿದ್ಧಪಡಿಸಿದ ಕೃತಕ ಬುದ್ಧಿಮತ್ತೆ ಆ ವರ್ಷದ ಆರು ಪ್ರಶ್ನೆಗಳಲ್ಲಿ ನಾಲ್ಕನ್ನು ಬಿಡಿಸಿ ಬೆಳ್ಳಿ ಪದಕದ ಮಟ್ಟ ತಲುಪಿತು. ಬಸವನಹುಳುವಿನ ಪ್ರಶ್ನೆ ಅದಕ್ಕೆ ದಕ್ಕಲಿಲ್ಲ.

ಮನ್ನಣೆಯ ಮೊದಲ ಕಂಬ ಇರುವುದು ಇಲ್ಲಿಯೇ: ಸಾಧನೆ ಕಣ್ಣಿಗೆ ಕಾಣಬೇಕು. ಚೆಂಡು ಬೌಂಡರಿ ದಾಟಿದ್ದನ್ನು ನೋಡಲು ಯಾರ ವಿವರಣೆಯೂ ಬೇಡ. ಆಟಗಾರ ಬೆವರುವುದು, ಎಡವುವುದು, ಸುಧಾರಿಸಿಕೊಂಡು ಏಳುವುದು ಎಲ್ಲವೂ ನೋಡುಗರ ಮುಂದೆಯೇ ನಡೆಯುತ್ತದೆ. ಒಲಿಂಪಿಯಾಡಿನ ಒಂಬತ್ತು ಗಂಟೆಗಳು ಮಾತ್ರ ಸದ್ದಿಲ್ಲದ ಸಭಾಂಗಣದಲ್ಲಿ, ಹಾಳೆಯ ಮೇಲೆ ಕಳೆಯುತ್ತವೆ. ನೋಡುಗರಿಗೆ ದಕ್ಕುವುದು ಪದಕ ಹಿಡಿದ ಒಂದು ಚಿತ್ರ, ಒಂದು ಅಂಕಿ. ಹೋರಾಟವನ್ನು ಕಾಣದವರಿಗೆ ಗೆಲುವಿನ ತೂಕ ತಿಳಿಯುವುದಿಲ್ಲ.

ಬುದ್ಧಿಯ ಕೆಲಸವೂ ಕಣ್ಣಿಗೆ ಕಂಡಾಗ ಜನ ಮನಸಾರೆ ಮೆಚ್ಚಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಕೊಟ್ಟರು. ಗಡಿಯಾರದ ಮುಳ್ಳು ಓಡುತ್ತಿದ್ದಾಗ ನೋಡುಗರೆದುರೇ ನಡೆದ ಆ ಗುಣಾಕಾರ ಗಿನ್ನೆಸ್ ದಾಖಲೆಯಾಗಿ ಲೋಕವೆಲ್ಲ ಹಬ್ಬಿತು. ಕನ್ನಡ ನಾಡಿನ ಅವಧಾನ ಕಲೆ ಇನ್ನೂ ಒಳ್ಳೆಯ ನಿದರ್ಶನ. ವೇದಿಕೆಯ ಮೇಲೆ ಅವಧಾನಿಗೆ ಸವಾಲು ಹಾಕುವ ಎಂಟು ಪೃಚ್ಛಕರು. ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದು ಅಕ್ಷರ ಹೇಳಿದೊಡನೆ ಮುಂದೆ ಬರಬಹುದಾದ ಅಕ್ಷರವನ್ನು ಪೃಚ್ಛಕರು ತಡೆಯುತ್ತಾರೆ. ಅದನ್ನು ಬಿಟ್ಟು ಬೇರೆ ಅಕ್ಷರ ಹಿಡಿದು ಪದ್ಯ ಕಟ್ಟಬೇಕು. ನಡುವೆ ಅಪ್ರಸ್ತುತ ಪ್ರಸಂಗದವರು ಸಂಬಂಧವಿಲ್ಲದ ಪ್ರಶ್ನೆ ಎಸೆದು ಏಕಾಗ್ರತೆ ಕೆಡಿಸಲು ನೋಡುತ್ತಾರೆ. ಕೊನೆಗೆ ಅವಧಾನಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸುತ್ತಾರೆ. ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿದ ಶತಾವಧಾನಿ ಆರ್. ಗಣೇಶ್ ಅವರ ಸಭೆಗಳಲ್ಲಿ ಛಂದಸ್ಸಿನ ಸೂಕ್ಷ್ಮ ಅರಿಯದವರೂ ಕೂತು ಆನಂದಿಸುವುದಕ್ಕೆ ಈ ಏರ್ಪಾಡೇ ಕಾರಣ. ಎಡರು ಎಲ್ಲಿದೆ, ಅದನ್ನು ದಾಟಿದ್ದು ಹೇಗೆ ಎಂಬುದು ಸಭಿಕರಿಗೆ ಅಲ್ಲಿ ತಾನೇ ಗೊತ್ತಾಗುತ್ತದೆ.

ಎರಡನೆಯ ಕಂಬ, ಗೆಲುವು ತನ್ನದೂ ಹೌದು ಎಂಬ ಭಾವ. ಇದನ್ನು ಚೆನ್ನಾಗಿ ಗುರುತಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್. 1950ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದ ಹತ್ತು ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿದ ಅವರು 1961ರಲ್ಲಿ ‘ದಿ ಅಡಲೆಸೆಂಟ್ ಸೊಸೈಟಿ’ ಎಂಬ ಪುಸ್ತಕ ಪ್ರಕಟಿಸಿದರು. ಶಾಲೆಯಲ್ಲಿ ತಮ್ಮನ್ನು ಯಾವ ರೀತಿ ನೆನೆಯಬೇಕು ಎಂಬ ಪ್ರಶ್ನೆಗೆ ಅತಿ ಹೆಚ್ಚು ಹುಡುಗರು ಆರಿಸಿದ್ದು ಜಾಣ ವಿದ್ಯಾರ್ಥಿ ಎಂಬುದನ್ನಲ್ಲ, ಒಳ್ಳೆಯ ಆಟಗಾರ ಎಂಬುದನ್ನು. ಕೋಲ್‌ಮನ್ ಕೊಟ್ಟ ಕಾರಣ ಸರಳ. ಆಟಗಾರ ಗೆದ್ದರೆ ಇಡೀ ಶಾಲೆಗೆ ಕೀರ್ತಿ. ಅವನ ಬೆವರಿನಲ್ಲಿ ಎಲ್ಲರಿಗೂ ಪಾಲು. ತರಗತಿಯ ಜಾಣ ಹೆಚ್ಚು ಅಂಕ ತೆಗೆದರೆ ಪಕ್ಕದ ಬೆಂಚಿನವರ ಅಂಕ ಅಷ್ಟರ ಮಟ್ಟಿಗೆ ಸಣ್ಣದಾಗಿ ಕಾಣುತ್ತದೆ. ಒಬ್ಬ ಜೊತೆಯವರಿಗಾಗಿ ಗೆಲ್ಲುತ್ತಾನೆ, ಇನ್ನೊಬ್ಬ ಜೊತೆಯವರನ್ನೇ ಗೆಲ್ಲುತ್ತಾನೆ. ಪರಿಹಾರವನ್ನೂ ಅವರು ಇದರಲ್ಲೇ ಕಂಡರು: ಶಾಲೆ ಶಾಲೆಗಳ ನಡುವೆ ವಿದ್ಯೆಯ ಪಂದ್ಯಗಳು ನಡೆದರೆ ಜಾಣ ಮಕ್ಕಳೂ ಶಾಲೆಗಾಗಿ ಗೆದ್ದವರಾಗುತ್ತಾರೆ. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಕೇಳುವ ‘ಪಕ್ಕದ ಮನೆ ಹುಡುಗನನ್ನು ನೋಡಿ ಕಲಿ’ ಎಂಬ ಮಾತಿಗೆ ಈ ವಿವರಣೆ ಪೂರ್ತಿ ಒಪ್ಪುತ್ತದೆ. ಯಾರ ಹೆಸರು ಹೇಳಿ ಮಗುವನ್ನು ಹಂಗಿಸಲಾಗುತ್ತದೋ ಅವರ ಮೇಲೆ ಆ ಮಗುವಿಗೆ ಅಭಿಮಾನ ಹುಟ್ಟುವುದು ಕಷ್ಟ.

ಮೂರನೆಯದು ಮೆಟ್ಟಿಲುಗಳು ಮತ್ತು ನಿರಂತರತೆ. ಶಾಲಾ ಕ್ರೀಡಾಕೂಟ ವಲಯದಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಒಂದು ಪಾರಿತೋಷಕ, ಒಂದು ಚಪ್ಪಾಳೆ, ಊರ ಪುಟದಲ್ಲಿ ಒಂದು ಸಣ್ಣ ಸುದ್ದಿ. ಆಮೇಲೆ ಕ್ಲಬ್ಬು, ಲೀಗು, ನೇರಪ್ರಸಾರ, ಜಾಹೀರಾತು. ಐಪಿಎಲ್ ಪ್ರತಿ ವರ್ಷ ಎರಡು ತಿಂಗಳು ಅವೇ ಮುಖಗಳನ್ನು ಮನೆಮನೆಗೆ ತರುತ್ತದೆ. ನೋಡಿ ನೋಡಿ ಪರಿಚಯ ಬೆಳೆಯುತ್ತದೆ, ಪರಿಚಯದಿಂದ ಅಭಿಮಾನ ಹುಟ್ಟುತ್ತದೆ. ವಿದ್ಯಾರ್ಥಿಯ ಸುದ್ದಿ ಬರುವುದು ಒಂದು ದಿನ. ಮರುದಿನ ಅದನ್ನು ಮುಂದುವರಿಸುವ ಯಾವ ಕಥೆಯೂ ಇರುವುದಿಲ್ಲ. ಇದ್ದ ಮೆಟ್ಟಿಲುಗಳೂ ಈಚೆಗೆ ಕಡಿಮೆಯಾಗಿವೆ. 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ 2021ರ ನಂತರ ಸ್ಥಗಿತಗೊಂಡಿತು. ವರ್ಷಕ್ಕೆ ಸುಮಾರು ಎರಡು ಸಾವಿರ ಮಕ್ಕಳಿಗೆ ಅದು ವಿದ್ಯಾರ್ಥಿವೇತನ ಕೊಡುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ (ಕೆವಿಪಿವೈ) 1999ರಿಂದ ಸಾವಿರಾರು ಎಳೆಯರನ್ನು ಮೂಲವಿಜ್ಞಾನದತ್ತ ಸೆಳೆದಿತ್ತು. 2022ರಲ್ಲಿ ಅದನ್ನು ‘ಇನ್‌ಸ್ಪೈರ್’ ಯೋಜನೆಯೊಳಗೆ ಸೇರಿಸಲಾಯಿತು. ಹಣದ ಮೊತ್ತ ದೊಡ್ಡದಾಗಿರಲಿಲ್ಲ. ‘ಕೆವಿಪಿವೈ ಆಗಿದೆ’ ಎಂಬ ಮಾತಿಗೆ ಮಾತ್ರ ಕಾಲೇಜಿನಲ್ಲಿ, ನೆಂಟರಿಷ್ಟರಲ್ಲಿ ಒಂದು ತೂಕವಿತ್ತು. ಮನ್ನಣೆ ಎಂದರೆ ಬಹುಪಾಲು ಅಂಥ ತೂಕವೇ.

ಓದುವ ಮಕ್ಕಳಿಗೆ ಮನ್ನಣೆಯೇ ಇಲ್ಲ ಎಂದರೆ ತಪ್ಪಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ 625 ಪಡೆದವರ ಮನೆ ಮುಂದೆ ಕ್ಯಾಮೆರಾಗಳು ನಿಲ್ಲುತ್ತವೆ, ಅಪ್ಪ ಅಮ್ಮ ಬಾಯಿಗೆ ಸಿಹಿ ಇಡುವ ಚಿತ್ರ ಮುಖಪುಟದಲ್ಲಿ ಬರುತ್ತದೆ, ವಾರದೊಳಗೆ ಸರ್ಕಲ್‌ಗಳಲ್ಲಿ ಕೋಚಿಂಗ್ ಕೇಂದ್ರಗಳ ಫ್ಲೆಕ್ಸ್ ಏಳುತ್ತವೆ. ಈ ಮನ್ನಣೆ ಸಲ್ಲುವುದು ಅಂಕಕ್ಕೆ, ಅಂಕದ ಮೂಲಕ ಸಂಸ್ಥೆಯ ದಾಖಲಾತಿಗೆ. ಅಂಕವಂತೂ ಸಾಧನೆಯ ಒರಟು ಅಳತೆ. 2024ರ ನೀಟ್ ಪರೀಕ್ಷೆಯ ಮೊದಲ ಫಲಿತಾಂಶದಲ್ಲಿ 67 ಮಂದಿ 720ಕ್ಕೆ 720 ಪಡೆದಿದ್ದರು. ಪರಿಷ್ಕರಣೆಯ ಬಳಿಕ ಆ ಸಂಖ್ಯೆ 17ಕ್ಕೆ ಇಳಿಯಿತು. ಅನಾರೋಗ್ಯಕರ ಪೈಪೋಟಿ ಬೇಡವೆಂದು ಸಿಬಿಎಸ್‌ಇ 2023ರಲ್ಲಿ ಅಗ್ರಶ್ರೇಯಾಂಕಿತರ ಪಟ್ಟಿ ಪ್ರಕಟಿಸಲಿಲ್ಲ. ಒಂದು ಕಗ್ಗಂಟಿನ ಲೆಕ್ಕವನ್ನು ವಾರವಿಡೀ ಹಿಡಿದು ಕೂತ ಹುಡುಗಿಗೆ, ಊರ ಕೆರೆಯ ನೀರನ್ನು ತಿಂಗಳುಗಟ್ಟಲೆ ಪರೀಕ್ಷಿಸಿ ಟಿಪ್ಪಣಿ ಬರೆದ ಹುಡುಗನಿಗೆ ಅಂಕದ ಫ್ಲೆಕ್ಸಿನಲ್ಲಿ ಜಾಗವಿಲ್ಲ. ನಾಳೆಯ ವಿದ್ವಾಂಸರು ಇಂಥವರೇ.

ಮನ್ನಣೆ ಸಿಗುವ ವಯಸ್ಸಿನಲ್ಲೂ ದೊಡ್ಡ ಅಂತರವಿದೆ. 2013ರ ನವೆಂಬರ್ 16ರಂದು ಮುಂಬೈನಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ 200ನೇ ಟೆಸ್ಟ್ ಮುಗಿಸಿ ಆಟಕ್ಕೆ ವಿದಾಯ ಹೇಳಿದರು. ಅದೇ ದಿನ ಅವರಿಗೂ ಕನ್ನಡಿಗ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೂ ಭಾರತ ರತ್ನ ಘೋಷಣೆಯಾಯಿತು. ಒಂದೇ ಗೌರವ, ಒಂದೇ ಘೋಷಣೆ. ಸಚಿನ್‌ಗೆ ಆಗ 40 ವರ್ಷ, ರಾವ್ ಅವರಿಗೆ 79. ಸಚಿನ್ ತಮ್ಮ 16ನೇ ವಯಸ್ಸಿನಲ್ಲಿ ಭಾರತಕ್ಕೆ ಆಡಿದ ದಿನದಿಂದಲೇ ದೇಶ ಅವರನ್ನು ಬಲ್ಲದು. 17ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ ಮುಗಿಸಿ, 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಪಿಎಚ್‌ಡಿ ಪಡೆದು, ಮುಂದೆ ಸಾವಿರದೈನೂರು ಸಂಶೋಧನಾ ಪ್ರಬಂಧಗಳನ್ನು ಬರೆದ ರಾವ್ ಅವರ ಹೆಸರನ್ನು ಬಹಳಷ್ಟು ಜನ ಗಮನಿಸಿದ್ದು ಆ ಘೋಷಣೆಯ ದಿನ. ವಿಜ್ಞಾನದ ಕೆಲಸ ಮಾಗಲು ಕಾಲ ಬೇಕು, ನಿಜ. ಆದರೆ ಉತ್ತೇಜನ ಹೆಚ್ಚು ಬೇಕಾಗುವುದು ಆರಂಭದಲ್ಲಿ. ಬೆಂಗಳೂರಿನ ಇನ್ಫೊಸಿಸ್ ವಿಜ್ಞಾನ ಪ್ರತಿಷ್ಠಾನ ತನ್ನ ಪ್ರಶಸ್ತಿಯ ವಯೋಮಿತಿಯನ್ನು 2024ರಲ್ಲಿ 50ರಿಂದ 40 ವರ್ಷಕ್ಕೆ ಇಳಿಸಿದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ಮೂರೂ ಕಂಬಗಳು ಕೂಡಿದರೆ ಬುದ್ಧಿಯ ಗೆಲುವಿಗೂ ಮೆರವಣಿಗೆ ಸಿಗುತ್ತದೆ ಎಂಬುದಕ್ಕೆ ಚೆಸ್ ಸಾಕ್ಷಿ. ಇಬ್ಬರು ಗಂಟೆಗಟ್ಟಲೆ ಅಲುಗಾಡದೆ ಕೂರುವ ಆಟ ಅದು; ನೋಡಲು ಪರೀಕ್ಷಾ ಕೊಠಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18ರ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಚೆನ್ನೈ ಅವರನ್ನು ಹಬ್ಬದಂತೆ ಬರಮಾಡಿಕೊಂಡಿತು. ತಮಿಳುನಾಡು ಸರ್ಕಾರ 5 ಕೋಟಿ ರೂಪಾಯಿ ಕೊಟ್ಟಿತು. ಇದರ ಹಿಂದೆ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಅವರ ಮಾದರಿಯಿದೆ, ಶಾಲೆಗಳಲ್ಲಿ ಚೆಸ್ ಕಲಿಸುವ ಸರ್ಕಾರಿ ಕಾರ್ಯಕ್ರಮವಿದೆ, 2022ರಲ್ಲಿ ಮಾಮಲ್ಲಪುರದಲ್ಲಿ ನಡೆದ ಚೆಸ್ ಒಲಿಂಪಿಯಾಡ್ ಇದೆ. ಪ್ರತಿ ನಡೆಗೂ ಯಾರ ಕೈ ಮೇಲಾಯಿತು ಎಂದು ತೋರಿಸುವ ಪಟ್ಟಿ ಮತ್ತು ಅನುಭವಿಗಳ ವೀಕ್ಷಕ ವಿವರಣೆ ಸೇರಿ, ತಲೆಯೊಳಗಿನ ಆಟವನ್ನು ಮೊಬೈಲ್ ಪರದೆಗೆ ತಂದವು.

ಕ್ರೀಡೆಯ ಮನ್ನಣೆಯನ್ನು ಇದ್ದ ಹಾಗೆಯೇ ನಕಲು ಮಾಡಬೇಕೆಂದು ಇದರ ಅರ್ಥವಲ್ಲ. ಅಲ್ಲಿಯೂ ಹಂಚಿಕೆ ಸಮನಾಗಿಲ್ಲ. 2025ರ ಜನವರಿಯಲ್ಲಿ ಭಾರತ ಚೊಚ್ಚಲ ಖೋ ಖೋ ವಿಶ್ವಕಪ್ ಗೆದ್ದಾಗ ಕರ್ನಾಟಕದ ಇಬ್ಬರು ಆಟಗಾರರು ರಾಜ್ಯ ಘೋಷಿಸಿದ 5 ಲಕ್ಷ ರೂಪಾಯಿಯನ್ನು ನಿರಾಕರಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಎರಡೂಕಾಲು ಕೋಟಿ ಘೋಷಿಸಿತ್ತು. ಅಭಿಮಾನ ಅಂಕೆ ಮೀರಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಮರೆಯುವಂತಿಲ್ಲ: ಐಪಿಎಲ್ ಗೆದ್ದ ಆರ್‌ಸಿಬಿ ತಂಡದ ಸಂಭ್ರಮಾಚರಣೆಯ ದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಜೀವ ಕಳೆದುಕೊಂಡರು. ಹದಿನೇಳರ ಮಗುವನ್ನು ತಾರೆಯಾಗಿಸಿ ಮುಂದಿನ ಪ್ರತಿ ಸೋಲಿಗೂ ಲೆಕ್ಕ ಕೇಳುವುದು ಕ್ರೂರ. ಪ್ರಸಿದ್ಧಿ ಬೇರೆ, ಮನ್ನಣೆ ಬೇರೆ. ಪ್ರಸಿದ್ಧಿಗೆ ಲಕ್ಷಾಂತರ ಅಪರಿಚಿತರು ಬೇಕು. ಮನ್ನಣೆಗೆ ಆ ಕೆಲಸವನ್ನು ಅರಿತು ‘ಭೇಷ್’ ಎನ್ನುವ ತನ್ನವರು ಸಾಕು.

ಅಂಥ ಮನ್ನಣೆಗೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿ ಈಗಾಗಲೇ ಇದೆ. ಪ್ರತಿಭಾ ಕಾರಂಜಿ ಕ್ಲಸ್ಟರ್‌ನಿಂದ ರಾಜ್ಯಮಟ್ಟದವರೆಗೆ ಏರುವ ಏಣಿ; ಹಾಡು, ಭಾಷಣ, ರಸಪ್ರಶ್ನೆಗಳ ಜೊತೆಗೆ ಅಲ್ಲಿ ತಂಡವಾಗಿ ಗಣಿತದ ಸಮಸ್ಯೆ ಬಿಡಿಸುವ, ಪ್ರಯೋಗ ಮಾಡಿ ತೋರಿಸುವ ಸ್ಪರ್ಧೆಗಳಿಗೆ ದೊಡ್ಡ ಜಾಗ ಕೊಡಬಹುದು. ತಂಡ ಗೆದ್ದರೆ ಕಪ್ಪು ಶಾಲೆಯ ಬೀರುವಿಗೆ ಬರುತ್ತದೆ, ಗೆಲುವು ಎಲ್ಲರದಾಗುತ್ತದೆ. ಪತ್ರಿಕೆಗಳು ಪದಕದ ಸುದ್ದಿಯೊಂದಿಗೆ ಆ ಮಕ್ಕಳು ಬಿಡಿಸಿದ ಒಂದು ಪ್ರಶ್ನೆಯನ್ನೂ ತಿಳಿಗನ್ನಡದಲ್ಲಿ ಅಚ್ಚು ಹಾಕಿದರೆ ಓದುಗರು ಹೋರಾಟದಲ್ಲಿ ಪಾಲುದಾರರಾಗುತ್ತಾರೆ. ಸನ್ಮಾನದ ವೇದಿಕೆಯಲ್ಲಿ ಶಾಲು, ಹಾರಗಳ ನಂತರ ಆ ವಿದ್ಯಾರ್ಥಿಗೆ ಹತ್ತು ನಿಮಿಷ ಕೊಟ್ಟು ತನ್ನ ಕೆಲಸವನ್ನು ಹೇಳಲು ಬಿಡಬೇಕು; ಕಲಿಸಿದ ಮೇಷ್ಟ್ರನ್ನು ಪಕ್ಕದಲ್ಲೇ ಕೂರಿಸಬೇಕು. ನಿಂತುಹೋದ ವಿದ್ಯಾರ್ಥಿವೇತನಗಳು ಮತ್ತೆ ಶುರುವಾಗಬೇಕು. ಏಕೆಂದರೆ ಬಡ ಮನೆಯ ಮಗುವಿಗೆ ಚಪ್ಪಾಳೆಗಿಂತ ಮುಂದಿನ ವರ್ಷದ ಓದಿನ ಭರವಸೆ ದೊಡ್ಡ ಗೌರವ.

ಕ್ರೀಡಾಪಟುಗಳಿಗೆ ಸಿಗುವ ಪ್ರೀತಿಯಲ್ಲಿ ಒಂದು ಹಿಡಿಯನ್ನೂ ಕಡಿಮೆ ಮಾಡದೆ ಇಷ್ಟನ್ನೂ ಮಾಡಬಹುದು. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಖೋ ಖೋ ತಂಡದ ನಾಯಕಿಯ ಪಕ್ಕದಲ್ಲೇ ಜಿಲ್ಲಾ ಗಣಿತ ಸ್ಪರ್ಧೆ ಗೆದ್ದ ತಂಡದವರೂ ನಿಂತು, ಇಬ್ಬರಿಗೂ ಒಂದೇ ಸದ್ದಿನ ಚಪ್ಪಾಳೆ ಬಿದ್ದ ದಿನ, ಎರಡೂ ಗೆಲುವುಗಳು ತಮ್ಮವೇ ಎಂದು ಮಕ್ಕಳಿಗೆ ಬೇರೆ ಯಾರೂ ಹೇಳಬೇಕಾಗುವುದಿಲ್ಲ.